ನಸುಕಿನ ಕನಸು ಯಾರಿಗೆ ಬೀಳತಾವ

ನಮ್ಮ ಮನ್ಯಾಗ ಕನಸು ಬೀಳತಿದ್ದದ್ದು ಗಂಡಸರಿಗಷ್ಟ. ಅದರಾಗೂ ಹೆಚ್ಚಿಗಿ ನಮ್ಮ ದೊಡ್ಡಪ್ಪಗ, ಅಂದ್ರ ಅಪ್ಪನ ಅಣ್ಣಗ. ಅಪ್ಪಗೂ ಆಗೊಮ್ಮೆ ಈಗೊಮ್ಮೆ ಬೀಳತಿದ್ದವು, ಆದ್ರ ಅವೆಲ್ಲಾ ಅಣ್ಣನ ಕನಸಿಗೆ ಹೂಂ ಅನ್ನೂ ಕನಸು. ಅಣ್ಣನ ಕನಸಿನ್ಯಾಗ ಮಳಿ ಬಂತಂದ್ರ ತಮ್ಮನ ಕನಸಿನ್ಯಾಗ ಛತ್ರಿ ಬರತಿತ್ತು. ಇಂಥಾ ತಮ್ಮ ಸಿಗಾಕ ಪುಣ್ಯ ಮಾಡಿರಬೇಕು ಬಿಡ್ರಿ.

ದೊಡ್ಡಪ್ಪಂದು ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ದಲಾಲಿ ಅಂಗಡಿ. ದೊಡ್ಡವ್ವ ತೀರಿಕೊಂಡು ಬಾಳ ವರ್ಷ ಆಗಿತ್ತು, ಮಕ್ಕಳಿರಲಿಲ್ಲ, ಹಿಂಗಾಗಿ ನಮ್ಮ ಮನಿಗೆ ಅವನ ಯಜಮಾನ. ಪಡಸಾಲ್ಯಾಗ ಫ್ಯಾನಿನ ಕೆಳಗ ಅವನ ಮಂಚ. ಹೊತ್ತು ಏರಿ ಬಿಸಲು ಹೊಸ್ತಲಿಗೆ ಬಂದ ಮ್ಯಾಲ ಸಾಹೇಬ್ರು ಏಳೂದು. ಎದ್ದ ಕೂಡ್ಲೆ ಯಾರ ಕೂಡಾನೂ ಮಾತಿಲ್ಲ. ಮುಖಾ ತೊಳಕೊಂಡು, ಹಣಿಗೆ ಇಭೂತಿ ಹಚ್ಚಿಕೊಂಡು, ಕಂಬಕ್ಕ ಬೆನ್ನ ಹಚ್ಚಿ ಕುಂದ್ರತಿದ್ದ. ಅಷ್ಟೊತ್ತಿಗೆ ಚಾ ಬರಬೇಕು. ಎರಡ ಗುಟುಕು ಕುಡದು, ಕಣ್ಣ ಅರ್ಧ ಮುಚ್ಚಿ, "ಇವತ್ತ ನಸುಕಿನ್ಯಾಗ..." ಅಂತ ಶುರು ಮಾಡತಿದ್ದ. ಆಗ ಎಲ್ಲಾರೂ ಇದ್ದಲ್ಲೇ ನಿಂದರಬೇಕು. ಕುಕ್ಕರ್ ಸೀಟಿ ಹೊಡದ್ರ ಅದರ ಮ್ಯಾಲೂ ಸಿಟ್ಟು. ರಾತ್ರಿ ಮೊದಲನೇ ಹೊತ್ತಿನ ಕನಸು ಸುಳ್ಳು, ನಡು ರಾತ್ರಿದು ಖರೇ ಆಗಾಕ ವರ್ಷಾನುಗಟ್ಟಲೆ ಬೇಕು, ನಸುಕಿಂದು ಮಾತ್ರ ಕೈಮ್ಯಾಗಿನ ರೊಕ್ಕ ಇದ್ದಂಗ ಅಂತ ಅವನ ಶಾಸ್ತ್ರ. ಊರ ಮಂದಿ ಶಾಸ್ತ್ರಾನೂ ಅದ.

ಅವಂಗ ಈ ದೊಡ್ಡಸ್ತಿಕಿ ಬಂದದ್ದು ಹೆಂಗ ಅಂದ್ರ, ಒಂದ ಸಲ ಅಂಗಳದಾಗ ಒಣಗಾಕ ಹಾಕಿದ ಮೆಣಸಿನಕಾಯಿ ನೀರಾಗ ತೇಲಿ ಹೋದಂಗ ಕನಸು ಬಿತ್ತಂತ. ಎದ್ದು ಆಳ ಕರಸಿ ತಾಡಪಾಲು ಮುಚ್ಚಿಸಿದ. ಮಧ್ಯಾಹ್ನಕ್ಕ ಮಳಿ ಬಂತು. ಪ್ಯಾಟ್ಯಾಗೆಲ್ಲಾ ಅದ ಮಾತು. ಆ ನಸುಕಿನ್ಯಾಗ ತಗಡಿನ ಮ್ಯಾಲ ಗುಡುಗು ಹೊರಳ್ಯಾಡತಿತ್ತು, ಓಣಿ ಕತ್ತಿಗೂ ಮಳಿ ಕನಸು ಬಿದ್ದಿರಬೇಕು, ಆದ್ರ ಕತ್ತಿಗೆ ಚಾ ಕೊಟ್ಟು ಯಾರು ಕೇಳತಾರ? ಮುಂದ ಒಂದ ದಿನ ಮೆಟ್ಟಲಾ ಹತ್ತಿದಂಗ ಕಂಡಿತು, ರೇಟ್ ಏರತೈತಿ ಅಂತ ಮಾಲು ತಡದ. ರೇಟ್ ಬಿತ್ತು. ಆಗ ಮೆಟ್ಟಲಾ ಹತ್ತಿದಾಂವ ನಾನು, ಮೆಣಸಿನಕಾಯಿ ಅಲ್ಲ ಅಂತ ಅರ್ಥ ಬದಲಿ ಮಾಡಿದ. ಅಪ್ಪ ಹೌದ ಹೌದ ಅಂದ.

ಈ ಆಟ ಮೆಣಸಿನಕಾಯಿ ಚೀಲದ ತನಾ ಇದ್ದಿದ್ರ ನಾ ಇದನ್ನ ಬರಿಯೂ ತ್ರಾಸ ತಗೋತಿದ್ದಿಲ್ಲ. ಅದು ಹೋಗಿ ಹೋಗಿ ನಮ್ಮ ಅಕ್ಕನ ಬಾಳೇವಿನ ಮ್ಯಾಲ ಕುಂತಿತು.

ನಾವು ಇಬ್ಬರು ಹೆಣ್ಣಮಕ್ಕಳು. ಅಕ್ಕನ್ನ ಮೋಟೆಬೆನ್ನೂರಿಗೆ ಕೊಟ್ಟಿದ್ರು. ಗಂಡ ಒಳ್ಳೆ ಮನಶ್ಯಾ. ಕಾಮಣಿ ಬ್ಯಾನಿ ಆಗಿ ಕಣ್ಣ ಹಳದಿ ತಿರುಗಿ, ಗಿಡಮೂಲಿಕಿ ಔಷಧ ಅಂತ ತಿರಗ್ಯಾಡಿ ತಿರಗ್ಯಾಡಿ, ದವಾಖಾನಿಗೆ ಒಯ್ಯೂದ್ರಾಗ ಹೊತ್ತು ಮೀರಿತ್ತು. ಮಕ್ಕಳಿಲ್ಲ. ಅತ್ತಿಮನಿಯವರು ಬಾಯಿ ಬಿಟ್ಟು ಹೋಗು ಅನಲಿಲ್ಲ, ಹೋಗಬೇಕಾತು ಅಷ್ಟ. ಅಕ್ಕ ತವರಿಗೆ ಬಂದ್ಲು. ಬಂದಾಕಿ ಮನಿ ಕೆಲಸಕ್ಕ ಹೊಂದಿಕೊಂಡ್ಲು ಅಂತ ಬಂದ ಬಂದವರೆಲ್ಲಾ ಹೊಗಳತಿದ್ರು. ಹೊಂದಿಕೊಂಡ್ಲಂತ! ಕೋಳಿ ಕೂಗೂಕಿಂತ ಮೊದಲ ಎದ್ದು ನಳದ ನೀರು ತುಂಬಿ, ಅಂಗಳ ಗುಡಿಸಿ, ಹಂಡೇದ ಒಲಿಗೆ ಬೆಂಕಿ ಹಚ್ಚಿ, ಇಬ್ಬರು ಗಂಡಸರು ಕಣ್ಣ ತೆರಿಯೂದ್ರಾಗ ನಾಷ್ಟಾ ತಯಾರ ಮಾಡೂ ಆಳು ಬಿಟ್ಟಿ ಸಿಕ್ರ ಯಾರ ಹೊಗಳೂದಿಲ್ಲ?

ಎರಡು ಸಾವಿರದ ಇಸವಿ ದಾಟಿ, ಮೊಬೈಲು ಹೊಸದಾಗಿ ಬಂದು, ದೊಡ್ಡಪ್ಪ ಅದನ್ನ ದಾರ ಕಟ್ಟಿ ಕೊರಳಿಗೆ ಹಾಕ್ಕೊಂಡು ತಿರಗೂ ಕಾಲ. ಆಗ ಅಕ್ಕನ್ನ ಕೇಳಿ ಗುತ್ತಲದಿಂದ ಒಂದ ಮಾತು ಬಂತು. ಸುಟ್ಟ ಪಂಪಸೆಟ್ ಮೋಟಾರಿಗೆ ತಂತಿ ಸುತ್ತೂ ಅಂಗಡಿ ಇಟ್ಟಾಂವ, ಹೆಂಡತಿ ತೀರಿದ್ಲು, ಅವನಿಗೂ ಮಕ್ಕಳಿಲ್ಲ. ನಮ್ಮ ಮಂದ್ಯಾಗ ಉಡಿಕಿ ಅಂತ ಪದ್ಧತಿ ಐತಿ. ಗಂಡ ಸತ್ತಾಕಿಗೆ ಹಂದರ ಇಲ್ಲದ, ವಾಲಗ ಇಲ್ಲದ, ನಾಕ ಮಂದಿ ಹಿರೇರ ಮುಂದ ಹೊಸಾ ಸೀರಿ ಉಡಿಸಿ ಇನ್ನೊಂದ ಮನಿಗೆ ಕಳಸೂದು. ಹಿಂಗಾಗಿ ಅದು ತಪ್ಪು ಅಂತ ಯಾರೂ ಅನ್ನೂಹಂಗಿರಲಿಲ್ಲ.

ಆ ಮನಶ್ಯಾ ತನ್ನ ಅಕ್ಕನ್ನ ಕರಕೊಂಡು ಬಂದ. ಅಂಗಿ ಇಸ್ತ್ರಿ ಇತ್ತು, ಉಗುರಾಗ ಗ್ರೀಸು ಇತ್ತು. ನಮ್ಮಕ್ಕನ್ನ ಹೆಚ್ಚೇನೂ ಕೇಳಲಿಲ್ಲ. ಚಾ ಕುಡದ, ಕುಡದ ಕಪ್ಪನ್ನ ತಾನ ಎತ್ತಿಕೊಂಡು ಹಿತ್ತಲಕ್ಕ ಹೋಗಿ ನೀರ ಹಾಕಿ ತೊಳದು ಬುಟ್ಟ್ಯಾಗ ಡಬ್ಬ ಹಾಕಿ ಬಂದ. ಒಬ್ಬನ ಇದ್ದು ರೂಢಿ ಆಗೇತ್ರಿ ಅಂತ ನಾಚಿಕೊಂಡ. ಅವರು ಹೋದ ಮ್ಯಾಲ ದೊಡ್ಡಪ್ಪ ಆ ಕಪ್ಪಿನ ಮ್ಯಾಲ ಒಂದ ತಾಸು ಮಾತಾಡಿದ. ಗಂಡಸಾಗಿ ಎಂಜಲ ಕಪ್ಪ ತೊಳಿಯೂದಂದ್ರ ಏನು, ನಾಳೆ ಸೀರಿ ಒಗಿಯಾಕೂ ಹಿಂದ ಮುಂದ ನೋಡೂದಿಲ್ಲ ಇಂವ ಅಂದ. ಅಪ್ಪ ಹೌದ ಹೌದ ಅಂದ. ಅಡಗಿ ಮನ್ಯಾಗ ಅಕ್ಕನ ಕಿವಿ ಕೆಂಪಗಾಗಿದ್ದು ನಾ ನೋಡಿದೆ.

ದೊಡ್ಡಪ್ಪ ಇಲ್ಲ ಅಂತ ಅನ್ನೂ ಪೈಕಿ ಅಲ್ಲ, ಅವಂಗ ಸಮಾಜದಾಗ ಸುಧಾರಣಾವಾದಿ ಅಂತ ಹೆಸರು ಬೇಕು. "ನಂದೇನೂ ಅಡ್ಡಿ ಇಲ್ಲ, ನಸುಕಿನ್ಯಾಗ ಏನ ಕಾಣತೈತಿ ನೋಡೂನು" ಅಂದ. ತಾ ಬ್ಯಾಡ ಅನ್ನೂದನ್ನ ಕನಸಿನ ಬಾಯಿಲೆ ಅನಸತಾನ ಇಂವ ಅಂತ ನನಗ ಅವತ್ತ ಗೊತ್ತಾತು.

ವಾರದೊಳಗ ಕನಸು ಬಿತ್ತು. ಬೀಳದ ಬಿಡತೈತೇನು? ಸತ್ತ ಅಳಿಯಾ ಚಿತಿ ಮ್ಯಾಗಿಂದ ಎದ್ದು ಕುಂತಿದ್ನಂತ, ಸುತ್ತ ಹೊಗಿ, ಟಾವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಒಂದ ಸಮನ ಕೆಮ್ಮತಿದ್ನಂತ, ಕೆಮ್ಮಿನ್ಯಾಗ ಮಾತ ಹೊರಡವಲ್ದಂತ. ಅಂದ್ರ ಅವನ ಆತ್ಮಕ್ಕ ಒಪ್ಪಿಗಿ ಇಲ್ಲ, ಮಾತ ಹೇಳಾಕ ಬಂದಾನ, ಆಗವಲ್ದು ಅಂತ ದೊಡ್ಡಪ್ಪ ಅರ್ಥ ಬಿಡಿಸಿದ. ಅವ್ವ ಸೆರಗಿಲೆ ಕಣ್ಣ ಒರಿಸಿಕೊಂಡ್ಲು. ಅಕ್ಕ ಖಾಲಿ ಕಪ್ಪ ತಗೊಂಡು ಒಳಗ ಹೋದ್ಲು.

ನಾ ಅಡಗಿ ಮನಿಗೆ ಹೋಗಿ ನೋಡಿದ್ರ ಒಲಿ ಮ್ಯಾಲ ಇನ್ನ ಬಾಣಲಿ ಬಿಸಿ ಇತ್ತು. ಅವತ್ತ ಮಂಡಕ್ಕಿ ಒಗ್ಗರಣಿ. ಕಾದ ಎಣ್ಣ್ಯಾಗ ಮೆಣಸಿನಕಾಯಿ ಬಿದ್ದಾಗ ಘಾಟು ಎದ್ದು ಮನಿ ಮಂದಿಯೆಲ್ಲಾ ಕೆಮ್ಮಿದ್ವಿ. ದೊಡ್ಡಪ್ಪ ಮಂಚದ ಮ್ಯಾಲ ನಿದ್ಯಾಗ ಕೆಮ್ಮಿದ್ದು, ದುಪ್ಪಡಿ ಮಾರಿ ಮ್ಯಾಲ ಎಳಕೊಂಡಿದ್ದು ನಾ ಕಣ್ಣಾರೆ ನೋಡಿದ್ದೆ. ಹೊಗಿ ಅದ, ಕೆಮ್ಮು ಅದ, ಟಾವೆಲ್ಲು ಅಂದ್ರ ಆ ದುಪ್ಪಡಿ! ಸತ್ತಾಂವ ಬಂದಿದ್ದಿಲ್ಲ, ಒಗ್ಗರಣಿ ಬಂದಿತ್ತು. ಆ ಒಗ್ಗರಣಿ ಹಾಕಿದಾಕಿ ಅಕ್ಕ, ಇವನ ಹೊಟ್ಟಿಗಿ. ತನ್ನ ಕೈಯಾರೆ ಆಕಿ ತನ್ನ ದಾರಿಗೆ ಹೊಗಿ ಹಾಕಿದಂಗಾತು.

ನಾ ಆಗ ರಾಣೇಬೆನ್ನೂರಿನ ಒಂದ ಕಾಲೇಜಿನ್ಯಾಗ ಜೀವಶಾಸ್ತ್ರ ಕಲಸತಿದ್ದೆ, ದಿನಾ ಬ್ಯಾಡಗಿಯಿಂದ ಬಸ್ಸಿಗೆ ಹೋಗಿ ಬರೂದು. ನಿದ್ದಿ ಬಗ್ಗೆ ಪಾಠದಾಗ ನಾಕ ಸಾಲು ಇದ್ದವು, ಹುಡುಗರು ಕೇಳತಾರಂತ ನಾ ಲೈಬ್ರರ್ಯಾಗ ಕುಂತು ಹೆಚ್ಚಿಗಿ ಓದಿಕೊಂಡಿದ್ದೆ. ನಿದ್ದಿ ರಾತ್ರಿಯೆಲ್ಲಾ ಒಂದ ತರಹ ಇರೂದಿಲ್ಲ. ಸುತ್ತು ಸುತ್ತು ಬರತೈತಿ, ಒಂದೊಂದು ಸುತ್ತು ಸುಮಾರ ಒಂದೂವರಿ ತಾಸು. ಮಲಗಿದ ಹೊಸದರಾಗ ನಿದ್ದಿ ಆಳಕ್ಕ ಇಳೀತೈತಿ, ಆಗ ಎಬ್ಬಿಸಿದ್ರ ಮನಶ್ಯಾಗ ತಾ ಯಾರು ಅನ್ನೂದೂ ಲಗೂ ತಿಳಿಯೂದಿಲ್ಲ, ಕನಸೂ ಹೆಚ್ಚಿಗಿ ನೆನಪಿರೂದಿಲ್ಲ. ಆಮ್ಯಾಲ ನಿದ್ದಿ ತೆಳ್ಳಗಾಗಿ, ಮುಚ್ಚಿದ ರೆಪ್ಪಿ ಒಳಗ ಕಣ್ಣಗುಡ್ಡಿ ಆ ಕಡಿ ಈ ಕಡಿ ಓಡ್ಯಾಡತಾವ. ಎದ್ದು ಕತಿ ಮಾಡಿ ಹೇಳೂವಂಥಾ ಕನಸು ಬೀಳೂದು ಆವಾಗ. ಮೊದಮೊದಲ ಸುತ್ತಿನ್ಯಾಗ ಈ ಹೊತ್ತು ಚೂರ, ಬೆಳಗ ಹತ್ರ ಬಂದಂಗ ಉದ್ದ ಆಗತೈತಿ. ಅಂದ ಮ್ಯಾಲ ನಸುಕಿನ ಕನಸಿನ ದೊಡ್ಡಸ್ತಿಕಿ ಇಷ್ಟ: ಅದು ಎಲ್ಲಾಕಿಂತ ಉದ್ದಂದು, ಎಲ್ಲಾಕಿಂತ ಕಡೀದು, ಅದರ ಮ್ಯಾಲ ಎಚ್ಚರಾಗತೈತಿ ಅಂತ ನೆನಪುಳೀತೈತಿ. ಖರೇ ಸುಳ್ಳಿಗೂ ಅದಕ್ಕೂ ಸಂಬಂಧ ಇಲ್ಲ. ಮ್ಯಾಲ, ಹೊರಗಿನ ಸಪ್ಪಳ, ವಾಸನಿ, ಸೆಕಿ ಏನ ಬಂದ್ರೂ ಮೆದುಳು ಅದನ್ನ ತನ್ನ ಹಿಟ್ಟಿನ್ಯಾಗ ಕಲಸಿಕೊಳ್ಳೂದೂ ಉಂಟು.

ಇದನ್ನ ನಾ ಪಡಸಾಲ್ಯಾಗ ನಿಂತು ಹೇಳಿದೆ. ಒಗ್ಗರಣಿ ಮಾತೂ ಹೇಳಿದೆ. ದೊಡ್ಡಪ್ಪ ಮೀಸಿ ಮ್ಯಾಲ ಕೈ ಆಡಿಸಿ, ಇದನ್ನ ನಿನ್ನ ಹುಡುಗರ ಮುಂದ ಹೇಳು, ಪಗಾರ ಕೊಡತಾರ ಅಂದ. ಅಪ್ಪ ನಕ್ಕ. ಅಪ್ಪ ಅವತ್ತ ನಕ್ಕಿದ್ದು ನನಗ ಇವತ್ತಿಗೂ ನೆನಸಿದ್ರ ಮೈ ಉರೀತೈತಿ. ಮಗಳ ಬಾಳೇವು ಎದುರಿಗಿದ್ದಾಗ ನಗೂ ತಂದೀನ ಎಲ್ಲಿ ಹುಡುಕಬೇಕು?

ಇನ್ನೊಂದ ವಾರಕ್ಕ ಇನ್ನೊಂದು. ಈ ಸಲ ಸತ್ತಾಂವ ಹೊಸ್ತಲಾಗ ಖಾಲಿ ಕೊಡಾ ಹಿಡಕೊಂಡು ನಿಂತು ನೀರು ನೀರು ಅಂದನಂತ. ಅವತ್ತ ನಸುಕಿನ್ಯಾಗ ನಳಾ ಬಂದಿತ್ತು, ಅಕ್ಕ ಅವ್ವ ಇಬ್ಬರೂ ಕೊಡಾ ತುಂಬಿ ತುಂಬಿ ಅದ ಹೊಸ್ತಲಾ ದಾಟಿ ಒಳಗ ತಂದಿದ್ರು, ಹಿತ್ತಾಳಿ ಕೊಡಾ ಚೌಕಟ್ಟಿಗೆ ಬಡದು ಠಣ್ಣಂತ ಸಪ್ಪಳಾಗಿತ್ತು. ಆದ್ರ ದೊಡ್ಡಪ್ಪನ ಪ್ರಕಾರ, ಹೆಂಡತಿ ಬ್ಯಾರೆ ಮನಿಗೆ ಹೋದ್ರ ತನಗ ನೀರು ಬಿಡೂರು ಯಾರು ಅಂತ ಅಂವ ಕೇಳಾಕ ಬಂದಾನ. ಅಯ್ಯ ಇವನ ತಲಿಗಿಷ್ಟು! ನೀರು ತುಂಬಾಕ ಆಕಿ ಇರಬೇಕು ಅನ್ನೂದು ಸತ್ತಾವನ ಚಿಂತಿ ಅಲ್ಲ, ಬದುಕಿದಾವನ ಚಿಂತಿ. ಮ್ಯಾಲ, ಆ ನಮ್ಮ ಮಾವ, ಅಕ್ಕನ ಗಂಡ, ಬದುಕಿದ್ದಾಗ ದೊಡ್ಡಪ್ಪನ ಮಾತಿನ ಕಾಟಕ್ಕ ಹೆದರಿ, ಇಂವ ಬಂದ್ರ ಹಿತ್ತಲ ಬಾಗಲದಿಂದ ಹೊಲಕ್ಕ ಹೋಗತಿದ್ದ. ಅಂಥಾಂವ ಸತ್ತ ಮ್ಯಾಲ ಇವನ ಕನಸಿಗೆ ಯಾಕ ಬರತಾನ, ಬರೂದಿದ್ರ ಹೆಂಡತಿ ಕನಸಿಗೆ ಬರೂದಿಲ್ಲೇನು?

ಈ ಪ್ರಶ್ನಿ ನಾ ಸಿಟ್ಟಿನ್ಯಾಗ ಮನಸ್ಸಿನ್ಯಾಗ ಕೇಳಿಕೊಂಡದ್ದು. ಆದ್ರ ಅದು ತಲ್ಯಾಗ ಉಳೀತು.

ಅಷ್ಟೊತ್ತಿಗೆ ಗುತ್ತಲದಾಕಿ, ಆ ಮನಶ್ಯಾನ ಅಕ್ಕ, ಫೋನ್ ಮಾಡಿದ್ಲು. ಬರೂ ಅಮವಾಸಿ ಒಳಗ ಹೌದಂದ್ರ ಹೌದನ್ರಿ, ಇಲ್ಲಂದ್ರ ನಾವು ಅಗಡಿ ಊರಾಗ ಒಂದ ಕಡೆ ಹೆಣ್ಣ ನೋಡೇವಿ ಅಂದ್ಲು. ಆಕೀದೂ ತಪ್ಪಲ್ಲ, ಎಷ್ಟ ದಿನಾ ಅಂತ ನಮ್ಮ ದೊಡ್ಡಪ್ಪನ ನಿದ್ದಿ ಕಾಯಬೇಕು ಆಕಿ?

ಆ ರವಿವಾರ ಅಕ್ಕನ ಹೊಲಿಗಿ ಮಿಶನ್ನಿಗೆ ಸಾಮಾನು ತರಾಕ ಇಬ್ಬರೂ ಹಾವೇರಿಗೆ ಹೋದ್ವಿ. ಬಸ್ಸಿನ್ಯಾಗ ಆಕಿ ಕಿಡಕಿ ಕಡೆ ಕುಂತಿದ್ಲು. ನನ್ನ ಕಡೆ ನೋಡದನ ಹೇಳಿದ್ಲು, ನನಗ ಅಲ್ಲಿಗೆ ಹೋಗಬೇಕನಸತೈತಿ ಅಂತ. ಆ ಮನಶ್ಯಾ ಚಂದ ಅದಾನ ಅಂತಲ್ಲ, ಒಂದ ಮನಿ ನಂದು ಅಂತ ಇರಬೇಕನಸತೈತಿ, ಇಲ್ಲಿ ನಾ ಸಾಯೂತನಾ ಬಂದಾಕಿ ಆಗೇ ಇರತೇನಿ ಅಂದ್ಲು. ನಾ ಕೇಳಿದೆ, ಮಾವ ನಿನ್ನ ಕನಸಿನ್ಯಾಗ ಒಮ್ಮೆರ ಬಂದಾನೇನು ಅಂತ.

"ನನಗ ಕನಸ ಬೀಳೂದಿಲ್ಲ," ಅಂದ್ಲು.

ಸಣ್ಣಾಕಿದ್ದಾಗ ಬೀಳತಿದ್ದವಂತ. ಲಗ್ನ ಆದ ಮ್ಯಾಲ ಇಲ್ಲ. ಮೋಟೆಬೆನ್ನೂರಾಗ ಎಷ್ಟಕ್ಕ ಏಳತಿದ್ದಿ ಅಂದೆ. ಎಮ್ಮಿ ಹಿಂಡೂ ಹೊತ್ತಿಗೆ ಅಂದ್ಲು. ಇಲ್ಲೇ? ಇಲ್ಲೂ ಅಷ್ಟ, ನಿನಗ ಗೊತ್ತಿಲ್ಲೇನು ಅಂದ್ಲು. ಆಗ ನನಗ ಬಸ್ಸಿನ್ಯಾಗ ಕುಂತಲ್ಲೇ ಝುಂ ಅಂತು. ಬೆಳಗ ಮುಂಜಾನಿ ಕನಸಿನ ಹೊತ್ತು ಅಂತ ನಾ ವರ್ಷಾ ವರ್ಷಾ ಬೋರ್ಡಿನ ಮ್ಯಾಲ ಬರದೇನಿ. ಆ ಹೊತ್ತಿನ್ಯಾಗ ನಮ್ಮ ಮನ್ಯಾಗ ಮಲಗಿದವರು ಯಾರು? ದೊಡ್ಡಪ್ಪ, ಅಪ್ಪ, ಮತ್ತ ಪಗಾರ ತರತಾಳಂತ ಬೆಳಕಾಗೂ ತನಾ ಮಲಗಾಕ ಬಿಟ್ಟ ನಾನು. ನನಗೂ ಬೀಳತಿದ್ದವು, ಕೇಳೂರಿರಲಿಲ್ಲ ಅಷ್ಟ. ಅಕ್ಕನ ನಿದ್ದಿಗೆ ಬಾಲಾನ ಇರಲಿಲ್ಲ. ಅದನ್ನ ದಿನಾ ಕಡದು ಹಂಡೇದ ಒಲಿಗೆ ಹಾಕತಿದ್ರು.

ಮನಿಗೆ ಬಂದು ಅವ್ವನ್ನ ಕೇಳಿದೆ. ಅವ್ವ ರೊಟ್ಟಿ ಬಡಿಯೂದು ನಿಲ್ಲಿಸದನ ನಕ್ಕಳು. ಹೆಂಗಸರಿಗೆ ಎಲ್ಲೀ ಕನಸವ್ವಾ, ಅವು ಗಂಡಸರಿಗೆ ಬೀಳತಾವ ಅಂದ್ಲು. ಗಂಡಸರಿಗೆ ಮೀಸಿ ಬರತಾವ ಅಂದಷ್ಟ ಸರಳ ಅಂದ್ಲು ಅದನ್ನ. ಇಡೀ ಮನಿತನದ ಹಣೇಬರಹ ನಸುಕಿನ ಕನಸಿಲೆ ಬರಿಯೂದು, ನಸುಕಿನ ನಿದ್ದಿ ಗಂಡಸರ ಕೈಯಾಗ ಇಟ್ಟುಕೊಳ್ಳೂದು. ಎಂಥಾ ಬೆರಕಿ ಯವಾರ ಇದು! ಅದೂ ಯಾರೂ ಕುಂತು ಹೊಸೆದದ್ದಲ್ಲ, ತನ್ನಷ್ಟಕ್ಕ ತಾ ನಡಕೊಂಡು ಬಂದದ್ದು. ಅದಕ್ಕ ನನಗ ಇನ್ನಷ್ಟು ಹೇಸಿಕಿ ಬಂತು.

ಮರುದಿನ ಕಂಬದ ಮುಂದ ನಿಂತು ನಾ ಬಾಳ ಮೆತ್ತಗ ಕೇಳಿದೆ. ನಸುಕಿನ ಕನಸು ಖರೇ ಅಂತೀದಿ, ನಾ ಒಪ್ಪಿಕೊಂಡೆ. ಮಾವ ಅಕ್ಕನ ಗಂಡ ಅಲ್ಲೇನು, ಆಕಿ ಕನಸಿಗೆ ಬಂದು ಹೇಳಿದ್ರ ನಡೀತೈತೋ ಇಲ್ಲೋ? ದೊಡ್ಡಪ್ಪ ಇಕ್ಕಟ್ಟಿನ್ಯಾಗ ಸಿಕ್ಕೊಂಡ. ನಡಿಯೂದಿಲ್ಲ ಅಂದ್ರ ಶಾಸ್ತ್ರ ಸುಳ್ಳಾಗತೈತಿ. ಸೈ, ಆಕಿಗೆ ಬಿದ್ರ ಹೇಳ್ಲಿ, ಕೇಳೂನು ಅಂದ. ನಗು ನಗತಾನ ಅಂದ, ಯಾಕಂದ್ರ ಈ ಮನ್ಯಾಗ ಹೆಂಗಸರು ಕನಸು ಹೇಳಿದ್ದು ಅಂವ ಹುಟ್ಟಿದಾಗಿಂದ ಕೇಳಿದ್ದಿಲ್ಲ. ಹಂಗಾರ ಅಮವಾಸಿ ತನಾ ಆಕಿ ನಿನ್ನಂಗ ಹೊತ್ತೇರೂತನಾ ಮಲಗಬೇಕು, ಯಾರೂ ಎಬ್ಬಸೂಹಂಗಿಲ್ಲ ಅಂದೆ. ನೀರು ನಾ ತುಂಬತೇನಿ ಅಂದೆ. ಅವ್ವ ಒಳಗಿಂದ, ಮಂದಿ ಏನಂದಾರು, ಮನಿ ಮಗಳು ಹಗಲೆಲ್ಲಾ ಮಲಗಿದ್ರ ಅಂತ ಗೊಣಗಿದ್ಲು.

ಏನ ಹೇಳ್ಲಿ ಆ ದಿನಗಳ ಚಂದ. ನಾ ಬೆಂಕಿ ಹಚ್ಚಿದ್ರ ಹೊಗೀನ ಹೆಚ್ಚು, ನೀರ ಉಗರ ಬೆಚ್ಚಗೂ ಇಲ್ಲ. ದೊಡ್ಡಪ್ಪ ತಣ್ಣೀರಿನ ಚೆಂಬು ಮೈಮ್ಯಾಲ ಸುರಕೊಂಡು ಬಚ್ಚಲದಾಗ ಕುಣದದ್ದು ಓಣಿಗೆ ಕೇಳಿತು. ಚಾ ಒಂದಿನ ಸಕ್ಕರಿ ಪಾಕ, ಒಂದಿನ ಔಷಧ. ಅಪ್ಪ ತನ್ನ ಟಾವೆಲ್ಲು ಎಲ್ಲೈತಿ ಅಂತ ಹುಡುಕೂದ್ರಾಗ ಅಂಗಡಿಗೆ ತಡಾ ಮಾಡಿಕೊಂಡ, ಕಣ್ಣ ಮುಂದಿನ ಗೂಟಕ್ಕ ತೂಗ್ಯಾಡತಿತ್ತು ಅದು. ಒಬ್ಬ ಹೆಂಗಸು ಎರಡ ತಾಸು ಹೆಚ್ಚಿಗಿ ಮಲಗಿದ್ಲು, ದಲಾಲಿ ಅಂಗಡಿ ಧಣಿಗೋಳು ಇಬ್ಬರೂ ದಿಕ್ಕೆಟ್ಟು ಕುಂತ್ರು. ನಕ್ಕು ನಕ್ಕು ನನ್ನ ಹೊಟ್ಟಿ ತುಂಬಿತು.

ಆದ್ರ ಅಕ್ಕಗ ನಿದ್ದೀನ ಬರವಲ್ದು. ರೂಢಿ ಹೆಂಗ ಕುಂತಿತ್ತಂದ್ರ, ಕತ್ತಲಿದ್ದಾಗ ಎಚ್ಚರಾಗಿ ಕಣ್ಣ ಬಿಟ್ಟುಕೊಂಡು ಚಾವಣಿ ನೋಡತಿದ್ಲು. ನಳದಾಗ ಗಾಳಿ ಬುಸ್ ಅಂದ್ರ ಎದ್ದು ಕುಂದ್ರತಿದ್ಲು. ನಾ ತಲಿ ಒತ್ತಿ ಮಲಗಸತಿದ್ದೆ. ಬ್ಯಾಡ ಬಿಡ, ನನ್ನ ಹಣ್ಯಾಗ ಕನಸಿಲ್ಲ ಅಂತ ಒಂದಿನ ಅತ್ತಳು. ಅಮವಾಸಿ ಹತ್ರ ಬಂದಂಗ ನನಗೂ ಅಂಜಿಕಿ ಹತ್ತಿತು, ದೊಡ್ಡಪ್ಪನ ಮಾರಿ ಮ್ಯಾಲ ನಗು ದೊಡ್ಡದಾಗಾಕತ್ತಿತ್ತು. ಆದ್ರ ಮೈ ತನಗ ಬರಬೇಕಾದ್ದನ್ನ ಬಿಡೂದಿಲ್ಲ. ತಡದಿಟ್ಟ ಕನಸಿಗೆ ದಾರಿ ಬಿಟ್ರ ನುಗ್ಗಿಕೊಂಡು ಬರತಾವ ಅಂತ ನಾ ಓದಿದ್ದೆ, ಅದನ್ನ ನಂಬಿ ಕುಂತೆ.

ಅಮವಾಸಿ ಹಿಂದಿನ ದಿನ ಮುಂಜಾನಿ. ನಾ ನೀರ ತುಂಬಿ ಒಳಗ ಬಂದಾಗ ಬೆಳಕ ಹರದಿತ್ತು, ಅಕ್ಕ ಗ್ವಾಡಿ ಕಡೆ ಮಗ್ಗಲಾಗಿ ಮಲಗಿದ್ಲು. ಮಾರಿ ಸಡಲಾಗಿತ್ತು. ಬಗ್ಗಿ ನೋಡಿದೆ. ರೆಪ್ಪಿ ಒಳಗ ಕಣ್ಣಗುಡ್ಡಿ ಓಡ್ಯಾಡಾಕತ್ತಿದ್ದವು. ಪುಸ್ತಕದಾಗ ಓದಿದ್ದೆ, ಹುಡುಗರಿಗೆ ಹೇಳಿದ್ದೆ, ನನ್ನ ಮನಿ ಮನಶ್ಯಾರದು ನಾ ಒಮ್ಮೆನೂ ನೋಡಿದ್ದಿಲ್ಲ. ಕದಾ ಅರ್ಧ ಮುಚ್ಚಿ ಹೊಸ್ತಲಾಗ ಕುಂತೆ. ಅವ್ವ ಬಂದ್ಲು, ಏನ ನೋಡಾಕತ್ತಿ ಅಂತ ಸನ್ನಿ ಮಾಡಿದ್ಲು. ಕೈ ಹಿಡದು ಕುಂದ್ರಿಸಿ ತೋರಿಸಿದೆ. ಕನಸು ಬೀಳಾಕತ್ತೈತಿ ಅಂತ ಪಿಸಗುಟ್ಟಿದೆ. ಅವ್ವ ಮೊದಲ ಅಂಜಿದ್ಲು, ಆಮ್ಯಾಲ ಹತ್ರ ಸರದು ಮಗಳ ಮಾರಿ ನೋಡಕೋತ ಕುಂತಳು. ಒಲಿ ಮ್ಯಾಗಿನ ಹಾಲು ಉಕ್ಕಿದ ವಾಸನಿ ಬಂತು, ಆಕಿ ಏಳಲಿಲ್ಲ. ಪಡಸಾಲಿಯಿಂದ ಚಾ ಅಂತ ಕೂಗು ಬಂತು, ಆಗೂ ಏಳಲಿಲ್ಲ.

ಅಕ್ಕ ಎದ್ದಾಗ ಬಿಸಲು ಮಾರಿ ಮ್ಯಾಲ ಬಿದ್ದಿತ್ತು. ಮುಖಾ ತೊಳಕೊಂಡು ಪಡಸಾಲಿಗೆ ಬಂದು ನಿಂತಳು. ದೊಡ್ಡಪ್ಪ ಕಂಬಕ್ಕ ಬೆನ್ನ ಹಚ್ಚಿ ಕುಂತಿದ್ದ, ಅಪ್ಪ ಬಾಜೂಕ. ಬಿತ್ತೇನಬೇ ಅಂತ ದೊಡ್ಡಪ್ಪ ಮಷ್ಕಿರಿ ಮಾಡಿದಂಗ ಕೇಳಿದ. ಬಿತ್ತು ಅಂದ್ಲು. ಬಂದಿದ್ನೇನು ಅಂದ. ಬಂದಿದ್ರು ಅಂದ್ಲು. ಆಗ ಅವನ ಮಾರಿ ಮ್ಯಾಗಿನ ನಗು ಇಳೀತು. ಕಪ್ಪ ಕೆಳಗಿಟ್ಟು, ಏನಂದಾ ಅಂತ ಕೇಳಿದ.

"ಅದು ನಂದು, ದೊಡ್ಡಪ್ಪಾ. ಹೇಳೂದಿಲ್ಲ," ಅಂದ್ಲು ಅಕ್ಕ.

ನಾ ಎದಿ ಬಡಕೊಂಡೆ. ಒಂದ ಸುಳ್ಳು ಹೇಳಿದ್ರ ಆಗತಿತ್ತು. ಹೂ ಕೊಟ್ರು, ಹೋಗು ಅಂದ್ರು ಅಂತ ಅಂದಿದ್ರ ಈ ಮನಶ್ಯಾನ ಬಾಯಿ ಅವನ ಶಾಸ್ತ್ರದಿಂದನ ಮುಚ್ಚತಿತ್ತು. ದೊಡ್ಡಪ್ಪಗ ಜೀವ ಬಂದಂಗಾತು. ಹೇಳದ ಕನಸು ಕನಸಲ್ಲ, ಹೇಳೂದಿಲ್ಲ ಅಂದ್ರ ಅಂವ ಬ್ಯಾಡ ಅಂದಿರಬೇಕು, ಗುತ್ತಲಕ್ಕ ಫೋನ್ ಮಾಡಿ ಇಲ್ಲ ಅಂತೇನಿ ಅಂತ ಕೊರಳಾಗಿನ ಮೊಬೈಲು ಕೈಗೆ ತಗೊಂಡ. ಅಪ್ಪ ಹೌದ ಹೌದ ಅಂದ.

ಅವ್ವ ಅಡಗಿ ಮನಿ ಬಾಗಲಾ ದಾಟಿ ಪಡಸಾಲಿ ನಡುವ ಬಂದು ನಿಂತಳು. ಭಾವನ ಮುಂದ ಆಕಿ ನಿಂತದ್ದು ನಾ ಹುಟ್ಟಿದಾಗಿಂದ ನೋಡಿದ್ದಿಲ್ಲ, ಮಾತಾಡೂದು ದೂರ ಉಳೀತು. ಸೆರಗು ತಲಿ ಮ್ಯಾಲ ಇತ್ತು.

"ಆಕಿ ಹೇಳೂದು ಬ್ಯಾಡ. ನಾ ನೋಡೇನಿ. ನಿದ್ಯಾಗ ನಗಾಕತ್ತಿದ್ಲು. ಈ ಮನಿಗೆ ತಿರುಗಿ ಬಂದ ಮ್ಯಾಲ ನನ್ನ ಮಗಳು ಎಚ್ಚರಿದ್ದಾಗ ನಕ್ಕದ್ದು ನಾ ನೋಡಿಲ್ಲ. ಕಳಸ್ರಿ ಆಕಿನ್ನ."

ದೊಡ್ಡಪ್ಪ ಅಪ್ಪನ ಕಡೆ ನೋಡಿದ, ಹೌದ ಹೌದ ಅನ್ನೂದು ಬರತೈತಿ ಅಂತ ಕಾದ. ಅಪ್ಪ ಅವ್ವನ ಮಾರಿ ನೋಡಿದ, ನೆಲಾ ನೋಡಿದ, ಗುತ್ತಲಕ್ಕ ನಾ ಫೋನ್ ಮಾಡತೇನಿ ಅಂತ ಅಣ್ಣನ ಮುಂದ ಕೈ ಚಾಚಿದ. ಆ ಹೊತ್ತಿನ್ಯಾಗ ನನಗ ಅಪ್ಪನ ಮ್ಯಾಲ ಒಂದೀಟು ಮರ್ಯಾದಿ ಹುಟ್ಟಿತು, ಖರೇ ಹೇಳತೇನಿ, ಒಂದೀಟ.

ಉಡಿಕಿ ಆತು. ಹಸರ ಸೀರಿ ಉಡಿಸಿ, ಹಾವೇರಿಯಿಂದ ತರಿಸಿದ ಯಾಲಕ್ಕಿ ಹಾರ ಹಾಕಿಸಿ, ಸಂಜಿ ಮುಂದ ಜೀಪಿನ್ಯಾಗ ಕಳಿಸಿದ್ವಿ. ಕಳಿಸುವಾಗ ದೊಡ್ಡಪ್ಪ ನಾಕ ಮಂದಿ ಮುಂದ, ಇದು ಹಿಂಗ ಆಗತೈತಿ ಅಂತ ನನಗ ಮೊದಲ ಕಂಡಿತ್ತು ಅಂದ. ನಾಚಿಕಿ ಅನ್ನೂದು ಇವರಿಗೆ ದೇವರು ಕೊಡೂದ ಮರತಾನ.

ಮರುದಿನ ನಾ ಎದ್ದಾಗ ಬೆಳಕಾಗಿತ್ತು. ಮನ್ಯಾಗ ಸಪ್ಪಳಿಲ್ಲ. ಹಂಡೆ ತಣ್ಣಗಿತ್ತು, ಒಲ್ಯಾಗ ಬೂದಿ. ದೊಡ್ಡಪ್ಪ ಇಭೂತಿ ಹಚ್ಚಿಕೊಂಡು ಕಂಬಕ್ಕ ಕುಂತು ಬಾಗಲಾ ಕಾಯಾಕತ್ತಿದ್ದ. ನಿಮ್ಮವ್ವಗ ಆರಾಮಿಲ್ಲೇನು ಅಂದ. ಒಳಗ ಹೋಗಿ ನೋಡಿದೆ. ಅವ್ವ ಅಕ್ಕನ ಹಾಸಿಗಿ ಮ್ಯಾಲ ದುಪ್ಪಡಿ ಹೊದ್ದು ಮಲಗಿದ್ಲು. ಬಗ್ಗಿ ನೋಡಿದೆ. ಮುಚ್ಚಿದ ರೆಪ್ಪಿ ಒಳಗ ಕಣ್ಣು ಓಡ್ಯಾಡಾಕತ್ತಿದ್ದವು.

ಎಬ್ಬಸು ಅಂತ ಪಡಸಾಲಿಯಿಂದ ಕೂಗು ಬಂತು. ನಾ ಕದಾ ಎಳಕೊಂಡು ಹೊರಗ ಬಂದು, ಚಪ್ಪಲಿ ಮೆಟ್ಟಿಕೊಂಡು, ಚಾಪುಡಿ ಮ್ಯಾಲಿನ ಹಲಗಿ ಮ್ಯಾಗ ನೀಲಿ ಡಬ್ಬ್ಯಾಗ ಐತಿ ಅಂತ ದೊಡ್ಡಪ್ಪಗ ಹೇಳಿ ಬಸ್ಸಿಗೆ ಹೋದೆ.